ಸುಟ್ಟ ಕೂಪನ್ನಿನ ಪ್ರವಾಸ

"ಪ್ರವಾಸ ಹೆಂಗಿತ್ತರಿ ಅಮ್ಮಾರ?"

ಫೋನಿನಲ್ಲಿ ಒಬ್ಬ ಹುಡುಗಿ ಕೇಳಿದಳು. ಹತ್ತಿಮತ್ತೂರಿನ ಶಿವಬಸವ್ವ ಆಗ ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು.

"ಯಾವ ಪ್ರವಾಸ?"

"ಕೇರಳದ್ದರಿ. ಬೋಟಿನ ಮನ್ಯಾಗ ಮಲಗಿದ್ರಲ್ಲ, ನಿದ್ದಿ ಚಲೋ ಬಂತಿಲ್ಲೋ? ಐದರಾಗ ಎಷ್ಟ ಮಾರ್ಕ್ಸ್ ಕೊಡ್ತೀರಿ?"

ಶಿವಬಸವ್ವ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು. ಮತ್ತೆ ಕಿವಿಗೆ ಇಟ್ಟುಕೊಂಡಳು.

"ನಾ ಎಲ್ಲಿಗೂ ಹೋಗಿಲ್ಲ ತಂಗಿ."

"ಹಂಗಂದ್ರ ಹೆಂಗರಿ? ಇಲ್ಲಿ ನಿಮ್ಮ ಹೆಸರೈತಿ. ಶಿವಬಸವ್ವ, ಹತ್ತಿಮತ್ತೂರು, ಇಬ್ಬರು. ಹೋಗಿ ಬಂದೀರಿ."

ಮರುದಿನ ಬೆಳಿಗ್ಗೆ ಶಿವಬಸವ್ವ ಸವಣೂರು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಗಂಡ ಕರಬಸಪ್ಪ. ಬರಲು ಮನಸ್ಸಿಲ್ಲದೆ ಬಂದವನು ಎಂದು ಅವನ ಮುಖವೇ ಹೇಳುತ್ತಿತ್ತು.

*

ಎ.ಎಸ್.ಐ. ಮುಮ್ತಾಜಬೇಗಂ ಅವರಿಗೆ ಪುಕ್ಕಟೆ ಎಂಬ ಪದ ಕೇಳಿದರೆ ಸಾಕು, ಪಿತ್ತ ನೆತ್ತಿಗೇರುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಹಿಂದಿನ ಒಂದು ವರ್ಷದಲ್ಲಿ ಶಿಗ್ಗಾಂವಿಯಲ್ಲಿ ಒಬ್ಬರು ಪುಕ್ಕಟೆ ಕಾರು ಗೆದ್ದಿದ್ದರು, ಹಾನಗಲ್ಲಿನಲ್ಲಿ ಒಬ್ಬರು ಪುಕ್ಕಟೆ ದುಬೈ, ಹಿರೇಕೆರೂರಿನಲ್ಲಂತೂ ಒಂದೇ ಓಣಿಯ ಮೂವರು ಪುಕ್ಕಟೆ ಫ್ರಿಜ್ಜು. ಗೆದ್ದವರೆಲ್ಲ ಕೈಸುಟ್ಟುಕೊಂಡು ಕೊನೆಗೆ ಠಾಣೆಯ ಬೆಂಚಿಗೆ ಬಂದಿದ್ದರು.

"ಮೊದಲಿಂದ ಹೇಳ್ರಿ ಅಕ್ಕಾರ," ಎಂದರು ಬೇಗಂ.

ಶಿವಬಸವ್ವ ಹೇಳಿದಳು. ದೀಪಾವಳಿಗೆ ತವರೂರು ಹುಲಗೂರಿಗೆ ಹೋಗಿದ್ದಳು. ಮರಳಿ ಬರುವಾಗ ಶಿಗ್ಗಾಂವಿಯ ಅತೀಕನ ಅಂಗಡಿಯಲ್ಲಿ ಮಿಕ್ಸರ್ ಕೊಂಡಳು. ಅದರ ಜೊತೆ ಒಂದು ಕೂಪನ್. ಹೆಸರು, ಫೋನ್ ನಂಬರ್ ಬರೆದ ಅರ್ಧ ಹರಿದು ಡಬ್ಬಿಗೆ, ಇನ್ನರ್ಧ ಅವಳ ಕೈಗೆ. ಕೈಗೆ ಬಂದ ತುಂಡಿನ ಮೇಲೆ ನೀರಿನಲ್ಲಿ ತೇಲುವ ಒಂದು ಮನೆಯ ಚಿತ್ರವಿತ್ತು. ಆ ಚಿತ್ರ ಅವಳಿಗೆ ಬಹಳ ಹಿಡಿಸಿತು. ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟಳು. ದಿನಾ ಪೂಜೆ ಮಾಡುವಾಗ ಒಮ್ಮೆ ನೋಡುವಳು.

"ಮುಂದ?"

"ಮುಂದ ಫೋನ್ ಬಂತರಿ. ನಿಮ್ಮ ನಂಬರ್ ಎದ್ದೈತಿ, ಕೂಪನ್ ತಗೊಂಡು ಅಂಗಡಿಗೆ ಬರ್ರಿ ಅಂದ್ರು. ಖರೇನೋ ಸುಳ್ಳೋ ತಿಳೀಲಿಲ್ಲ. ನಮ್ಮ ರುದ್ರೇಶನ ಹತ್ರ ಹೋದೆ."

ಯಾವ ರುದ್ರೇಶ ಎಂದು ಬೇಗಂ ಕೇಳಲಿಲ್ಲ. ಹತ್ತಿಮತ್ತೂರಿನಲ್ಲಿ ಆನ್‌ಲೈನ್ ಸೆಂಟರ್ ಇಟ್ಟ ರುದ್ರೇಶ ಸುತ್ತಲಿನ ಊರಿಗೆಲ್ಲ ಗೊತ್ತು. ಅನುಮಾನದ ಕರೆ, ಮೆಸೇಜು ಏನೇ ಬರಲಿ, ಜನ ಫೋನ್ ಹಿಡಿದು ಅವನ ಮುಂದೆ ನಿಲ್ಲುತ್ತಿದ್ದರು. ಅವನು ನೋಡಿ 'ಖರೇ' ಇಲ್ಲವೆ 'ಸುಳ್ಳ' ಅನ್ನುತ್ತಿದ್ದ. ಅವನ ಮಾತು ಎಂದೂ ತಪ್ಪಿರಲಿಲ್ಲ. ಸೈಬರ್ ಜಾಗೃತಿ ಕಾರ್ಯಕ್ರಮದಲ್ಲಿ ಠಾಣೆಯವರೇ ಅವನಿಗೆ ಸನ್ಮಾನ ಮಾಡಿದ್ದರು. ಶಾಲು ಹೊದಿಸಿದವರು ಸ್ವತಃ ಮುಮ್ತಾಜಬೇಗಂ.

"ಅಂವ ಏನಂದ?"

"ಪಕ್ಕಾ ಮೋಸ ಅಂದರಿ. ಬ್ಯಾಂಕಿನ್ಯಾಗಿಂದು ಬಳಕೊಂಡು ಹೋಗ್ತಾರ, ಈ ನಂಬರ್ ಎತ್ತಬ್ಯಾಡ್ರಿ ಅಂತ ಫೋನಿನ್ಯಾಗ ಅದನ್ನ ಬಂದ್ ಮಾಡಿಕೊಟ್ಟ. ಕೂಪನ್ ಸೈತ ಮನ್ಯಾಗ ಇಡಬಾರದಂತ ಇಸ್ಕೊಂಡು ನನ್ನ ಕಣ್ಣಮುಂದನ ಸುಟ್ಟ. ನಾಕ ಮಂದಿ ನೋಡ್ಯಾರ."

"ಪುಣ್ಯಾತ್ಮ ಉಳಿಸಿದರಿ ನಮ್ಮನ್ನ," ಕರಬಸಪ್ಪ ನಡುವೆ ಬಾಯಿ ಹಾಕಿದ. "ಪುಕ್ಕಟೆ ಅಂದ್ರ ಈಕಿ ಬಾಯಿ ತಕ್ಕೊಂಡು ನಿಂದರ್ತಾಳ. ಹುಚ್ಚಿ."

ಅವನು ಇದನ್ನು ಮನೆಯಲ್ಲಷ್ಟೇ ಅಂದು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಚಹಾದಂಗಡಿಯಲ್ಲೂ ಹೇಳಿ ನಕ್ಕಿದ್ದ. ಆವತ್ತಿನಿಂದ ಓಣಿಯವರು ಶಿವಬಸವ್ವನನ್ನು 'ಕೇರಳದಕ್ಕ' ಎಂದೇ ಕರೆಯುತ್ತಿದ್ದರು.

ಶಿವಬಸವ್ವ ಗಂಡನ ಕಡೆ ತಿರುಗಲಿಲ್ಲ. "ಮೇಡಂರಿ, ನನಗ ಒಂದ ಹೇಳ್ರಿ. ನಾ ಹುಚ್ಚಿ ಆಗಿದ್ನೋ ಇಲ್ಲೋ? ಅಷ್ಟ ತಿಳದ್ರ ಸಾಕು."

ಬೇಗಂಗೆ ಆ ಪ್ರಶ್ನೆ ಮನಸ್ಸಿಗೆ ನಾಟಿತು. ಬೆಂಚಿಗೆ ಬಂದವರೆಲ್ಲ ಕಳೆದ ಹಣ ಕೇಳುತ್ತಿದ್ದರು. ಈಕೆ ಕಳೆದ ಮರ್ಯಾದೆ ಕೇಳುತ್ತಿದ್ದಳು.

ಹಿಂದಿನ ದಿನದ ನಂಬರಿಗೆ ಬೇಗಂ ತಾವೇ ಫೋನ್ ಮಾಡಿದರು. ಕಳ್ಳರ ಹೊಸ ಆಟ ಎಂದೇ ಅವರ ಲೆಕ್ಕ. ಗದರಿಸಲು ಗಂಟಲು ಸರಿಮಾಡಿಕೊಂಡರು. ಆದರೆ ಅದು ಹುಬ್ಬಳ್ಳಿಯ ಟೂರ್ಸ್ ಆಫೀಸು, ವಿಳಾಸ ಸಮೇತ ಖರೇ. ಮಿಕ್ಸರ್ ಕಂಪನಿಯೇ ಪ್ರವಾಸದ ಖರ್ಚು ಕೊಟ್ಟಿತ್ತು. ಶಿವಬಸವ್ವನ ಹೆಸರಿನಲ್ಲಿ ಇಬ್ಬರು ಹೋಗಿ ಬಂದದ್ದೂ ಖರೇ.

"ಹೋದವರು ಯಾರು?"

"ಯಾವುದೋ ಹರೇದ ಜೋಡಿ ಅಂತರಿ. ಫೋಟೋ ಗೈಡ್ ಹತ್ರ ಅದಾವ. ಅಂವ ಊಟಿಗೆ ಹೋಗ್ಯಾನ. ನಾಳೆ ಕಳಸ್ತೇವ್ರಿ."

ನಾಳೆ ಎಂಬ ಪದವೂ ಬೇಗಂಗೆ ಆಗಿಬರುತ್ತಿರಲಿಲ್ಲ. ಟೋಪಿ ತೆಗೆದುಕೊಂಡು ಎದ್ದರು. "ನಡೀರಿ, ಜೀಪ್ ಹತ್ತರಿ. ಕೂಪನ್ ಬೂದಿ ಆಗೇತಿ. ಆದ್ರ ಯಾರೋ ಅದನ್ನ ತೋರಿಸಿ ಕೇರಳ ನೋಡಿ ಬಂದಾರ. ಅತೀಕಗ ಕೇಳೂಣು."

*

ಅತೀಕನನ್ನು ಕಂಡಾಗಲೇ ಬೇಗಂ ಅರ್ಧ ತೀರ್ಮಾನಿಸಿಬಿಟ್ಟಿದ್ದರು. ಡಬ್ಬಿ ಅವನದು, ಕೂಪನ್ ಅವನದು. ಗೆದ್ದವರು ಬರಲಿಲ್ಲ ಎಂದಾಗ ಇನ್ನೊಂದು ಕೂಪನ್ ತಯಾರಿಸಿ ತನ್ನ ನೆಂಟರನ್ನು ಕಳಿಸುವುದು ಅವನಿಗೆ ಎಷ್ಟು ಹೊತ್ತಿನ ಕೆಲಸ?

"ಬೂದಿ ಆಗಿದ್ದ ಕೂಪನ್ ನಿನ್ನ ಅಂಗಡಿಗೆ ನಡಕೊಂಡು ಬಂತೇನು ಅತೀಕ?"

"ಬೂದಿ ಯಾಕ ಆಗತೈತ್ರಿ ಆಪಾ? ಇಲ್ಲೇ ಐತಿ." ಅತೀಕ ಸಿಟ್ಟಿನಿಂದಲೇ ಗಲ್ಲೆಯ ಡ್ರಾವರ್ ಎಳೆದು ಒಂದು ಕೂಪನ್ ತೆಗೆದು ಮೇಜಿನ ಮೇಲೆ ಇಟ್ಟ. "ಒಬ್ಬ ಹುಡುಗ ತಂದಿದ್ದ. ನಮ್ಮ ದೊಡ್ಡವ್ವಂದು, ಆಕಿಗೆ ಮೊಣಕಾಲು ಬ್ಯಾನಿ, ನಮಗ ಹೋಗಿ ಬರ್ರಿ ಅಂದಾಳ ಅಂದ. ಕೂಪನ್ ತಂದವರಿಗೆ ಕೊಡೂದು ಕಂಪನಿ ನಿಯಮ. ಕೊಟ್ಟೆ."

ಶಿವಬಸವ್ವ ಬಗ್ಗಿ ನೋಡಿದಳು. "ಇದು ನನ್ನದ!"

"ಹೆಂಗ ಹೇಳ್ತೀರಿ? ಇಂಥಾವು ಸಾವಿರ ಇರ್ತಾವ."

"ಕುಂಕುಮ ನೋಡ್ರಿ."

"ಕುಂಕುಮ ಎಲ್ಲಾರೂ ಹಚ್ತಾರ," ಎಂದ ಅತೀಕ. "ಹತ್ತರಾಗ ಎಂಟು ಕೂಪನ್ ಕುಂಕುಮ ಹಚಗೊಂಡ ಬರ್ತಾವ."

"ಎಲ್ಲಿ ಹಚ್ಚೀನಿ ನೋಡ್ರಿ ಮತ್ತ. ಹೊಸ್ತಿಲಕ್ಕ." ಶಿವಬಸವ್ವನ ಬೆರಳು ಚಿತ್ರದ ತೇಲುವ ಮನೆಯ ಬಾಗಿಲಿನ ಕೆಳಗೆ ನಿಂತಿತು. ಅಲ್ಲಿ ಸಾಲಾಗಿ ಮೂರು ಪುಟ್ಟ ಕೆಂಪು ಬೊಟ್ಟುಗಳಿದ್ದವು. "ನೀರಿನ ಮ್ಯಾಲಿದ್ರೇನಾತು, ಮನಿ ಅಂದಮ್ಯಾಲ ಹೊಸ್ತಿಲ ಇರೂದಿಲ್ಲೇನು? ನಾ ಹೋಗಿ ಮಲಗೋ ಮನಿ ಅಂತ ಹಚ್ಚಿದ್ದೆ."

ಕರಬಸಪ್ಪ ಕೂಪನ್ನನ್ನೇ ನೋಡುತ್ತ ನಿಂತ. ಹೆಂಡತಿ ದಿನಾ ಜಗಲಿಯ ಮುಂದೆ ಅಷ್ಟು ಹೊತ್ತು ಏನು ನೋಡುತ್ತಿದ್ದಳು ಎಂಬುದು ಅವನಿಗೆ ಈಗ ತಿಳಿಯಿತು.

ಬೇಗಂಗೆ ಬೇರೆಯೇ ತಿಳಿಯಿತು. ಅತೀಕನದು ತಪ್ಪಿಲ್ಲ. ಇದು ಸುಳ್ಳು ಕೂಪನ್ ಅಲ್ಲ. ಹಾಗಾದರೆ ಆವತ್ತು ಸುಟ್ಟದ್ದು ಏನು?

"ಡಬ್ಬಿಗೆ ಹಾಕದ ಕೂಪನ್ ಉಳದಾವೇನು? ಎರಡು ಕೊಡು. ಕಡ್ಡಿಪೆಟ್ಟಿಗಿನೂ ಕೊಡು."

ಬಾಗಿಲಲ್ಲೇ ನಿಂತು ಬೇಗಂ ಒಂದಕ್ಕೆ ಕಡ್ಡಿ ಗೀರಿದರು. ಅದು ಉರಿಯಲೇ ಇಲ್ಲ. ಮುರುಟಿ, ಕಪ್ಪಾಗಿ, ಹನಿಹನಿಯಾಗಿ ಕರಗಿ ಬಿತ್ತು. ಪ್ಲಾಸ್ಟಿಕ್ಕಿನ ನಾತಕ್ಕೆ ಅತೀಕ ಕೆಮ್ಮಿದ. "ಮ್ಯಾಲ ಪ್ಲಾಸ್ಟಿಕ್ ಹಾಳಿ ಐತ್ರಿ ಆಪಾ, ಮಳೆಗೆ ತೊಯ್ಯಬಾರದಂತ."

"ಅಕ್ಕಾರ, ರುದ್ರೇಶ ಸುಟ್ಟಾಗ ಹಿಂಗ ನಾತ ಬಂದಿತ್ತೇನು?"

"ಇಲ್ಲರಿ. ಭಗ್ ಅಂತ ಹತ್ತಿತು. ಬೂದಿ ಹಾರಿ ನನ್ನ ಸೀರಿ ಮ್ಯಾಲ ಬಿತ್ತು, ಝಾಡಿಸಿದೆ."

"ಸುಡೂ ಮುಂದ ಈ ಚಿತ್ರ ಕಂಡಿತ್ತೋ?"

ಶಿವಬಸವ್ವ ಯೋಚಿಸಿದಳು. "ಮಡಿಚಿ ಹಿಡದಿದ್ದ. ಬಿಳೇದಷ್ಟ ಕಂಡಿತ್ತು."

ಬೇಗಂ ಉಳಿದ ಕೂಪನ್ನನ್ನೂ ಕಡ್ಡಿಪೆಟ್ಟಿಗೆಯನ್ನೂ ಕಿಸೆಗೆ ಹಾಕಿಕೊಂಡರು. ತಾವು ಹೊದಿಸಿದ ಶಾಲು ಕಣ್ಣಮುಂದೆ ಬಂತು. ಅಷ್ಟರಲ್ಲಿ ಅತೀಕ ಎಲ್ಲರಿಗೂ ಚಹಾ ತರಿಸಿದ. ಜೊತೆಗೆ ಒಂದು ತಟ್ಟೆ ಬಾಳೆಕಾಯಿ ಚಿಪ್ಸ್. ಶಿವಬಸವ್ವ ಒಂದು ಬಾಯಿಗಿಟ್ಟಳು.

"ಇವು ಬ್ಯಾರೆ ಅದಾವ. ನಮ್ಮ ಐಶ್ವರ್ಯ ಕೊಟ್ಟಾವು ಕೊಬ್ರಿ ಎಣ್ಣಿವು."

ಬೇಗಂ ಲೋಟ ಕೆಳಗಿಟ್ಟರು. "ಯಾವ ಐಶ್ವರ್ಯ?"

"ರುದ್ರೇಶನ ಹೆಂಡ್ತಿರಿ. ಹೋದ ತಿಂಗಳ ಒಂದ ಚೀಲ ಚಿಪ್ಸ್ ತಂದು, ಕಾಲಿಗೆ ಬಿದ್ದು, 'ಎಲ್ಲಾ ನಿಮ್ಮ ಪುಣ್ಯ ದೊಡ್ಡವ್ವಾರ' ಅಂದ್ಲು. ಹೊಸದಾಗಿ ಮದಿವ್ಯಾಗ್ಯಾಳ, ಬಸರಿ ಅದಾಳೇನೋ ಅಂತ ನಾ ಹಣಿಗೆ ಕುಂಕುಮ ಹಚ್ಚಿ ಕಳಿಸಿದೆ."

"ಅತೀಕ, ಅಂಗಡಿ ಬಾಗಲಾ ಹಾಕು. ನೀನೂ ಜೀಪ್ ಹತ್ತು," ಎಂದರು ಬೇಗಂ.

*

ರುದ್ರೇಶನ ಸೆಂಟರ್ ಅವನ ಮನೆಯ ಮುಂಗೋಣೆ. ಒಳಗೆ ಏಳೆಂಟು ಜನ ಫೋನ್ ಹಿಡಿದು ಕುಳಿತಿದ್ದರು. ಗೋಡೆಯ ಮೇಲೆ ಸನ್ಮಾನದ ಫೋಟೋ. ಶಾಲು, ಹಾರ, ಪಕ್ಕದಲ್ಲಿ ನಗುವ ಮುಮ್ತಾಜಬೇಗಂ.

"ಬರ್ರಿ ಮೇಡಂರಿ, ಕುಂದರ್ರಿ!" ರುದ್ರೇಶ ಎದ್ದು ನಿಂತ. ಬಾಗಿಲ ಹೊರಗೆ ಜೀಪಿನಲ್ಲಿ ಕುಳಿತ ಅತೀಕ ಅವನಿಗೆ ಕಾಣಲಿಲ್ಲ.

"ನಾನೂ ಪಾಳೇಕ ಬಂದೇನಿ ರುದ್ರೇಶ. ನನಗೂ ಒಂದು ಕೂಪನ್ ಬಂದೈತಿ. ಖರೇನೋ ಸುಳ್ಳೋ ಹೇಳು."

ಬೇಗಂ ಖಾಲಿ ಕೂಪನ್ ಮುಂದಿಟ್ಟರು. ರುದ್ರೇಶ ತೇಲುವ ಮನೆಯ ಚಿತ್ರ ನೋಡಿದ. ಬೇಗಂ ಬೆನ್ನ ಹಿಂದೆ ನಿಂತ ಶಿವಬಸವ್ವನನ್ನು ನೋಡಿದ.

"ಸುಳ್ಳ ಐತಿ ಮೇಡಂರಿ."

"ಹಂಗಾರ ಸುಡು. ಶಿವಬಸವ್ವಂದು ಸುಟ್ಟೀಯಲ್ಲ, ಹಂಗ."

ಕಡ್ಡಿಪೆಟ್ಟಿಗೆ ಅವನ ಕೈಗೇ ಬಂತು. ಎಲ್ಲರೂ ನೋಡುತ್ತಿದ್ದರು. ರುದ್ರೇಶ ಎರಡು ಕಡ್ಡಿ ಮುರಿದು ಮೂರನೆಯದು ಹಚ್ಚಿದ. ಕೂಪನ್ ಮುರುಟಿತು, ಕರಗಿತು, ಕೋಣೆಯೆಲ್ಲ ಗಬ್ಬು ನಾರಿತು. ಪಾಳಿಯವರು ಮೂಗು ಮುಚ್ಚಿಕೊಂಡರು. ಅವರಲ್ಲಿ ಇಬ್ಬರು ಆವತ್ತಿನ ಸುಡುವಿಕೆಯನ್ನೂ ನೋಡಿದವರು.

"ಆವತ್ತ ಹಿಂಗ ನಾರಲಿಲ್ಲಲ್ಲೋ ರುದ್ರೇಶ," ಎಂದಳು ಶಿವಬಸವ್ವ.

ನಾತಕ್ಕೆ ಒಳಗಿನಿಂದ ಐಶ್ವರ್ಯ ಓಡಿ ಬಂದಳು. ಶಿವಬಸವ್ವನನ್ನು ಕಂಡದ್ದೇ ಅವಳ ಮುಖ ಅರಳಿತು.

"ಅಯ್ಯ, ದೊಡ್ಡವ್ವಾರ! ಹೊರಗ ಯಾಕ ನಿಂತೀರಿ? ಮೊಣಕಾಲು ಬ್ಯಾನಿ ಕಡಿಮಿ ಆತೇನ್ರಿ? ನೀವು ಟಿಕೆಟ್ ಬಿಟ್ಟುಕೊಟ್ಟದ್ದಕ್ಕ ನಾ ಸಮುದ್ರ ನೋಡಿದೆ. ದಿನಾ ನೆನಸ್ತೇನಿ ನಿಮ್ಮನ್ನ."

ಶಿವಬಸವ್ವ ಮೆತ್ತಗೆ ಅಂದಳು, "ನನಗ ಮೊಣಕಾಲು ಬ್ಯಾನಿ ಇಲ್ಲವಾ."

ಐಶ್ವರ್ಯ ಗಂಡನ ಮುಖ ನೋಡಿದಳು. ಅವನು ತಲೆಯೆತ್ತಲಿಲ್ಲ. ಹೊರಗಿನಿಂದ ಒಳಬಂದ ಅತೀಕ, "ಇವನ ರೀ ಆಪಾ," ಎಂದ.

ಆಮೇಲೆ ಬೇಗಂ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ರುದ್ರೇಶ ತನ್ನ ಕೆಲಸದಾಗ ಶಾಣ್ಯಾ. ಆ ನಂಬರ್ ಯಾರದು ಅಂತ ವಿಚಾರಿಸಿದ, ಬಹುಮಾನ ಖರೇ ಅಂತ ತಿಳಕೊಂಡ. ಊರಾಗ ಅದು ಅವನೊಬ್ಬಗ ಗೊತ್ತು. ಸುಳ್ಳಂದ್ರ ಎಲ್ಲಾರೂ ನಂಬ್ತಾರ ಅನ್ನೂದೂ ಗೊತ್ತು. ಕೂಪನ್ ಕಿಸೆಕ್ಕ ಹಾಕ್ಕೊಂಡು ಬಿಳಿ ಹಾಳಿ ಮಡಿಚಿ ಸುಟ್ಟ. ಅಂಗಡಿಯವರು ಮತ್ತ ಫೋನ್ ಮಾಡಬಾರದಂತ ಅವರ ನಂಬರ್ ಬಂದ್ ಮಾಡಿದ. ಆದ್ರ ಪ್ರವಾಸದವರು ಹುಬ್ಬಳ್ಳಿಯವರು, ಅವರ ನಂಬರ್ ಬ್ಯಾರೆ. ಅದೊಂದು ಮರತ. ಹೆಂಡ್ತಿಗೂ ಸುಳ್ಳ ಹೇಳಿದ. ಆಕಿ ಪಾಪ, ಉಪಕಾರ ನೆನಸಿ ಚಿಪ್ಸ್ ಕೊಡಾಕ ಬಂದ್ಲು."

"ಎಷ್ಟ ಮಂದೀನ ಉಳಿಸೀನ್ರಿ ಮೇಡಂ," ಎಂದ ರುದ್ರೇಶ. "ಮದಿವ್ಯಾದಾಗಿಂದ ಈಕಿನ್ನ ಎಲ್ಲಿಗೂ ಕರಕೊಂಡು ಹೋಗಿರಲಿಲ್ಲ. ಒಂದ ಸಲ ತಪ್ಪಿದೆ."

"ಉಳಿಸೀದಿ, ಖರೇ. ಅದಕ್ಕ ನಾನ ಶಾಲು ಹೊದಿಸಿದ್ದೆ." ಬೇಗಂ ಗೋಡೆಯ ಫೋಟೋ ಕಳಚಿ ಕಂಕುಳಲ್ಲಿ ಇಟ್ಟುಕೊಂಡರು. "ನಡಿ ಠಾಣೇಕ."

"ನೀ ಬಾಯಿಬಿಟ್ಟು ಕೇಳಿದ್ರ..." ಶಿವಬಸವ್ವ ಶುರುಮಾಡಿ ನಿಲ್ಲಿಸಿದಳು. "ಇಲ್ಲಪಾ, ಸುಳ್ಳ ಯಾಕ ಹೇಳಲಿ. ಕೇಳಿದ್ರೂ ಕೊಡ್ತಿರಲಿಲ್ಲ. ಅದರಾಗ ಮಲಗಬೇಕಂತ ನನಗ ಭಾಳ ಆಸೆ ಇತ್ತು."

ಮತ್ತೆ ಗಂಡನ ಕಡೆ ತಿರುಗಿದಳು. ಏನೂ ಕೇಳಲಿಲ್ಲ. ಕರಬಸಪ್ಪನೇ ರುಮಾಲು ಸರಿಮಾಡಿಕೊಂಡು ಅಂದ, "ಹುಚ್ಚ ನಾನ. ಚಹಾದಂಗಡ್ಯಾಗನೂ ಹೇಳ್ತೇನಿ, ನಡಿ."

ಹೇಳಿಯೂ ಹೇಳಿದ. ಆ ಸಂಜೆಯೇ, ಎಲ್ಲರ ಮುಂದೆ.

*

ಕೇಸು ದಾಖಲಾಯಿತು. ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಶಿವಬಸವ್ವನ ಷರತ್ತು ಒಂದೇ. ಅದೇ ಪ್ರವಾಸ, ಅದೇ ಬೋಟು, ರುದ್ರೇಶನ ಖರ್ಚು. ಐಶ್ವರ್ಯ ಗಂಡನ ಜೊತೆ ಮಾತು ಬಿಟ್ಟವಳು ಇನ್ನೂ ಪೂರ್ತಿ ಶುರುಮಾಡಿಲ್ಲ. ಹತ್ತಿಮತ್ತೂರಿನವರು ಈಗಲೂ ರುದ್ರೇಶನ ಹತ್ತಿರ ಹೋಗುತ್ತಾರೆ, ಆದರೆ ಕೂಪನ್ ಕೈಬಿಡದೆ ತೋರಿಸುತ್ತಾರೆ. ಹುಬ್ಬಳ್ಳಿಯವರು ನಾಳೆ ಎಂದಿದ್ದ ಫೋಟೋ ಎಂಟು ದಿನ ಬಿಟ್ಟು ಬಂತು. ಬೇಗಂ ಅದನ್ನು ನೋಡಿ, ಬೈದು, ಫೈಲಿಗೆ ಸೇರಿಸಿದರು.

ಬೇಸಿಗೆಯಲ್ಲಿ ಶಿವಬಸವ್ವ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಾಗ ಫೋನ್ ಬಂತು. ಅದೇ ಹುಡುಗಿ.

"ಪ್ರವಾಸ ಹೆಂಗಿತ್ತರಿ ಅಮ್ಮಾರ? ಐದರಾಗ ಎಷ್ಟ ಕೊಡ್ತೀರಿ?"

ಶಿವಬಸವ್ವ ಕೈ ತೊಳೆದುಕೊಂಡು ನೆರಳಿಗೆ ಬಂದು ಕುಳಿತಳು.

"ಮಾರ್ಕ್ಸ್ ಆಮ್ಯಾಲ ಕೊಡ್ತೇನಿ. ನೀ ಕುಂತೀಯೇನು ತಂಗಿ? ಕುಂದರು. ಮೊದಲ ಹೊಸ್ತಿಲಕ್ಕ ಕುಂಕುಮ ಹಚ್ಚಿದೆ. ಬೋಟಿನಂವ ನಕ್ಕ. ನಮ್ಮ ಯಜಮಾನ್ರು ಅವಗ ಬೈದ್ರು. ಆಮ್ಯಾಲ ಒಳಗ ಹೋದೆ ನೋಡು..."