ಸಿಡಿಯದ ಏಳು ಪಿಸ್ತೂಲುಗಳು

ಮಾರ್ಚ್ 3, ಮಂಗಳವಾರ, ಬೆಳಿಗ್ಗೆ 10.20. ಒಕ್ಲಹೋಮಾದ ಹಾರ್ಲೋ ಕೌಂಟಿಯ ಶೆರಿಫ್ ಠಾಣೆಗೆ ರೊಸಾಲಿ ಪ್ರುಯಿಟ್ ಎಂಬಾಕೆ ಬಂದು ಪಿಸ್ತೂಲಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ದನದ ಮೇವಿನ ಅಂಗಡಿಯಲ್ಲಿ ಅವಳ ಕೆಲಸ. ಮಾಜಿ ಗಂಡ ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆದೇಶವಿತ್ತು. ಆದೇಶದ ಕಾಗದಕ್ಕೆ ಅವನು ಹೆದರುವವನಲ್ಲವೆಂದು ಜನವರಿಯಲ್ಲಿ ಈ ಪಿಸ್ತೂಲು ಕೊಂಡಿದ್ದಳು.

"ಇದು ಸಿಡಿಯಲ್ಲ ಮೇಡಂ."

"ಕೊಂಡ ಅಂಗಡೀಲಿ ಹೇಳ್ಬೇಕಿತ್ತಲ್ವಾ?" ಎಂದಳು ಸಾರ್ಜೆಂಟ್ ಲೆನೋರಾ ಸ್ಟಬ್ಸ್.

"ಅಲ್ಲಿಂದಾನೇ ಬಂದೆ. ಬಿಚ್ಚಿ ನೋಡಿ ಅಂಗಡಿಯವನೇ ಬೆವತುಹೋದ. ಗುಂಡಿಗೆ ಬಡಿಯೋ ಸೂಜಿ ಇರತ್ತಲ್ಲ, ಅದರ ತುದೀನ ಯಾರೋ ಅರ ಹಾಕಿ ತಿಕ್ಕಿದಾರಂತೆ. ಎರಡು ತಿಂಗಳು ಇದನ್ನ ಸೊಂಟಕ್ಕೆ ಕಟ್ಕೊಂಡು ಧೈರ್ಯವಾಗಿ ಓಡಾಡಿದೀನಿ. ಇಟ್ಟಿಗೆ ಕಟ್ಕೊಂಡಿದ್ರೂ ಎತ್ತಿ ಹೊಡೀಬಹುದಿತ್ತು!"

ದೂರು ದಾಖಲಾಯಿತು. 11.40ಕ್ಕೆ ಲೆನೋರಾ ಮತ್ತು ಪೇದೆ ಯಾಹೋಲಾ, ಆ ಪಿಸ್ತೂಲು ಮಾರಿದ ಗೇಲನ್ ಟೀಗ್‌ನ ಬಂದೂಕಿನ ಅಂಗಡಿಯಲ್ಲಿದ್ದರು.

ಈ ಊರಿನ ಗಂಡಸರು ಪಿಸ್ತೂಲಿನ ತೂಕ ಚರ್ಚಿಸಲು ಕೂತರೆ ಮುಂದಿಟ್ಟ ಕಾಫಿ ಆರಿಹೋಗುತ್ತದೆ. ಗೇಲನ್ ಅವರೆಲ್ಲರ ಗುರು. ಪೊಲೀಸರು ಬಂದದ್ದು ತನಿಖೆಗೆ ಎಂಬುದನ್ನೂ ಮರೆತು, ಗಾಜಿನ ಕೌಂಟರ್ ಮೇಲೆ ಗಟ್ಟಿ ಪ್ಲಾಸ್ಟಿಕ್ ಹಿಡಿಯ ಮೂರು ಪಿಸ್ತೂಲು ಸಾಲಾಗಿಟ್ಟ.

"ಇದು ಇಪ್ಪತ್ತೈದು ಔನ್ಸ್. ಕೈಯಲ್ಲಿ ಭದ್ರವಾಗಿ ಕೂರತ್ತೆ, ಆದ್ರೆ ಸಂಜೆ ಹೊತ್ತಿಗೆ ಸೊಂಟ ಬಿದ್ದುಹೋಗತ್ತೆ. ಇದು ಹದಿನೇಳು. ಹಗುರ, ಸರಿ, ಆದ್ರೆ ಕಿರುಬೆರಳಿಗೆ ಜಾಗ ಇಲ್ಲ, ಹೊಡೆದ್ರೆ ಅಂಗೈ ಉರಿಯತ್ತೆ. ಮಧ್ಯದ್ದು ಹತ್ತೊಂಬತ್ತು. ಎಲ್ರೂ ಸುತ್ತಿ ಬಳಸಿ ಇದಕ್ಕೇ ಬರೋದು, ರೊಸಾಲಿ ಕೊಂಡಿದ್ದೂ ಇದೇ. ಕೆಳಗೆ ವರ್ಲಿನ್ ಚೀಟಿ ಇದೆ, ಓದಿ."

ವರ್ಲಿನ್ ಸ್ಪ್ರೌಲ್‌ಗೆ ಅರವತ್ತೇಳು ವರ್ಷ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಅಚ್ಚು ಕೊರೆದ ಕೈ. ಅಂಗಡಿಗೆ ಬರುವ ಪ್ರತಿ ಮಾದರಿಯನ್ನೂ ಅವನು ತೂಗಿ, ಹಿಡಿದು, ಸಾವಿರ ಗುಂಡು ಹಾರಿಸಿ ಚೀಟಿ ಬರೆಯುತ್ತಿದ್ದ. ಮಧ್ಯದ ಪಿಸ್ತೂಲಿನ ಚೀಟಿಯಲ್ಲಿ ಹೀಗಿತ್ತು: 'ಸಾವಿರಕ್ಕೆ ಒಂದೂ ತಪ್ಪಲಿಲ್ಲ. ನನ್ನ ಮನೆಯವರಿಗಾದರೂ ಇದನ್ನೇ ಕೊಡುತ್ತೇನೆ.'

ಹೊಸ ಪಿಸ್ತೂಲನ್ನು ಸೊಂಟಕ್ಕೇರಿಸುವ ಮೊದಲು ಇನ್ನೂರು ಗುಂಡನ್ನಾದರೂ ಸ್ವಂತ ಕೈಯಿಂದ ಹಾರಿಸಿ ನೋಡಬೇಕು. ಇದು ಎಲ್ಲರೂ ಬಲ್ಲ ಪದ್ಧತಿ. ಆದರೆ ವರ್ಲಿನ್‌ನ ಚೀಟಿ ಇದ್ದರೆ ಈ ಊರಲ್ಲಿ ಯಾರೂ ಆ ಗೋಜಿಗೆ ಹೋಗುತ್ತಿರಲಿಲ್ಲ. ರೊಸಾಲಿಯೂ ಹೋಗಿರಲಿಲ್ಲ. ಕಳೆದ ಭಾನುವಾರ ಗೆಳತಿಯೊಬ್ಬಳು ಬಲವಂತವಾಗಿ ಗುಂಡು ಹಾರಿಸುವ ಮೈದಾನಕ್ಕೆ ಎಳೆದೊಯ್ದಿದ್ದರಿಂದ ವಿಷಯ ಬಯಲಾಯಿತು.

"ಮಾರಿದ್ಮೇಲೆ ಬಿಚ್ಚಿ ಒರೆಸಿ ಕೊಡೋದು ಯಾರು?" ಲೆನೋರಾ ಕೇಳಿದಳು.

ಗೇಲನ್‌ನ ಉತ್ಸಾಹ ಇಳಿದುಹೋಯಿತು. "ವರ್ಲಿನ್. ಬಿಟ್ಟಿ ಮಾಡ್ತಾನೆ. ಅವನ ಮೇಲೆ ಅನುಮಾನ ಪಡಬೇಡಿ ಮೇಡಂ, ಪಾಪದವನು."

ಮಾರಾಟದ ಪುಸ್ತಕ ಜಪ್ತಿಯಾಯಿತು. ನವೆಂಬರ್‌ನಿಂದೀಚೆಗೆ ಹತ್ತೊಂಬತ್ತು ಔನ್ಸಿನದು ಏಳು ಹೋಗಿದ್ದವು. ರೊಸಾಲಿಯನ್ನು ಬಿಟ್ಟು ಉಳಿದ ಆರು ಮಂದಿಯೂ ಸಿಡಿಯದ ಪಿಸ್ತೂಲನ್ನು ನಂಬಿಕೊಂಡು ಓಡಾಡುತ್ತಿರಬಹುದಿತ್ತು. ಯಾಹೋಲಾ ಒಂದೇ ಸಮನೆ ಫೋನ್ ಮಾಡಿದ. ಗುರುವಾರದೊಳಗೆ ಐದು ಸಿಕ್ಕವು. ಐದರಲ್ಲೂ ಸೂಜಿ ಮೊಂಡು, ಕೈಚಳಕವೂ ಒಂದೇ, ಕನ್ನಡಿಯ ನುಣುಪು. ಬೇರೆ ಮಾದರಿಗಳಿಗೆ ಏನೂ ಆಗಿರಲಿಲ್ಲ.

ಏಳನೆಯವನು ಫೋನ್ ಎತ್ತಲಿಲ್ಲ. ಡೆರಿಲ್ ಕ್ಯಾಂಪ್, ಮೂವತ್ತನಾಲ್ಕು ವರ್ಷ, ತೈಲಬಾವಿಯ ಕೆಲಸಗಾರ. ಗುರುವಾರ ಮಧ್ಯಾಹ್ನ ಮನೆಗೇ ಹೋದರು.

"ನಿಮ್ಮ ಪಿಸ್ತೂಲು ಕೆಟ್ಟಿದೆ, ಅದಕ್ಕೆ ಬಂದ್ವಿ."

"ಗೊತ್ತು."

"ಹೇಗೆ ಗೊತ್ತು?"

ಡೆರಿಲ್ ಅಂಗಳದ ಕಡೆ ನೋಡಿದ. ಲೆನೋರಾಗೆ ಅರ್ಥವಾಯಿತು. ದನಿ ತಗ್ಗಿಸಿ ಕೇಳಿದಳು.

"ಯಾವತ್ತು?"

"ಜನವರಿ ಹದಿನೆಂಟು. ಆಮೇಲೆ ಅಕ್ಕಂಗೆ ಫೋನ್ ಮಾಡ್ದೆ, ಓಡಿ ಬಂದ್ಲು. ಈಗ ಡಾಕ್ಟ್ರ ಹತ್ರ ಹೋಗ್ತಿದೀನಿ. ಪರವಾಗಿಲ್ಲ ಈಗ." ಬಾಗಿಲು ಹಾಕುವ ಮೊದಲು, "ಇದನ್ನ ಮಾಡಿದೋರು ಸಿಕ್ರೆ ಹೇಳಿ, ನಾನು ಬದುಕಿದೀನಿ ಅಂತ," ಎಂದ.

ಠಾಣೆಗೆ ಮರಳಿದ ಲೆನೋರಾ ಮಾರಾಟದ ಪುಸ್ತಕದ ಹಿಂದಿನ ಪುಟ ತಿರುಗಿಸಿದಳು. ಏಳಕ್ಕೂ ಮೊದಲು, ಅಕ್ಟೋಬರ್ 4ರಂದು, ಅದೇ ಪಿಸ್ತೂಲು ಕೊಂಡವಳು ಕೊರಿನ್ ಸ್ಪ್ರೌಲ್, ವರ್ಲಿನ್‌ನ ಒಬ್ಬಳೇ ಮಗಳು. ಅಕ್ಟೋಬರ್ 29ರಂದು ಆ ಮನೆಯಲ್ಲಿ ಶವದ ಮಹಜರು ಮಾಡಿದವಳು ಸ್ವತಃ ಲೆನೋರಾ. ಕೊರಿನ್ ತನ್ನ ಜೀವ ತಾನೇ ತೆಗೆದುಕೊಂಡಿದ್ದಳು. ಆ ಪಿಸ್ತೂಲನ್ನು ಯಾರೂ ವಾಪಸು ಕೇಳಿರಲಿಲ್ಲ, ಠಾಣೆಯ ಉಗ್ರಾಣದಲ್ಲೇ ಇತ್ತು. ಬಿಚ್ಚಿಸಿ ನೋಡಿದಳು. ಅದರ ಸೂಜಿ ನೆಟ್ಟಗಿತ್ತು.

ಮಾರ್ಚ್ 6, ಶುಕ್ರವಾರ, ಮಧ್ಯಾಹ್ನ 2.15ಕ್ಕೆ ವರ್ಲಿನ್‌ನನ್ನು ಅವನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಬಂಧಿಸಲಾಯಿತು. ಅರಗಳನ್ನು ಅವನೇ ತೆಗೆದು ಕೊಟ್ಟ.

"ಏಳೂ ಸಿಕ್ತಾ ತಾಯಿ?"

"ಸಿಕ್ತು."

ಠಾಣೆಯ ಬಾಗಿಲಲ್ಲಿ ರೊಸಾಲಿ ಕಾದು ನಿಂತಿದ್ದಳು. "ನನ್ನ ಹಳೇ ಗಂಡ ಬಂದಿದ್ರೆ ನನ್ನ ಗತಿ ಏನಾಗ್ತಿತ್ತು ಹೇಳ್ರೀ! ನಿಮ್ಮ ಚೀಟಿ ನಂಬಿದ್ದೆ ನಾನು."

"ನನ್ನ ಮಗಳೂ ಅದನ್ನೇ ನಂಬಿದ್ಲಮ್ಮ."

ರೊಸಾಲಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಆದರೆ ಕ್ಷಮಿಸಲಿಲ್ಲ. ಅದು ಅವಳ ಹಕ್ಕೇ ಆಗಿತ್ತು.

3.05ಕ್ಕೆ ಹೇಳಿಕೆ ಶುರುವಾಯಿತು. ಚೀಟಿ ಕೀಳಲು ಗೇಲನ್‌ಗೆ ಎರಡು ಸಲ ಹೇಳಿದೆ, ಚೆನ್ನಾಗಿ ಹೋಗುವ ಮಾಲು ಎಂದು ಅವನು ನಕ್ಕ, ಎಂದ ವರ್ಲಿನ್.

"ಬೇರೆ ಪಿಸ್ತೂಲು ಯಾಕೆ ಮುಟ್ಲಿಲ್ಲ?"

"ನಾನು ಮನೆಯವರಿಗೆ ಅಂತ ಬರ್ದಿದ್ದು ಇದೊಂದಕ್ಕೇ."

"ಜೀವ ಉಳಿಸ್ಕೊಳ್ಳೋಕೆ ಕೊಂಡೋರೂ ಇದ್ರಲ್ಲ ವರ್ಲಿನ್?"

"ಗೊತ್ತಿತ್ತು. ರೊಸಾಲಿ ಕೊಂಡ ದಿನದಿಂದ ನಿದ್ದೆ ಇಲ್ಲ. ಆದ್ರೂ ತಿಕ್ಕಿದೆ."

ಲೆನೋರಾ ಪೆನ್ನು ಕೆಳಗಿಟ್ಟಳು. ಮುಂದಿನದು ದಾಖಲೆಗಲ್ಲ. "ಏಳರಲ್ಲಿ ಒಬ್ಬ ಅದನ್ನ ತನಗೇ ಹಿಡ್ಕೊಂಡಿದ್ದ. ಬದುಕಿದಾನೆ. ನಿಮಗೆ ಹೇಳಿ ಅಂದ."

ಮಗಳ ಶವದ ಮುಂದೆಯೂ ಅಳದೆ ನಿಂತಿದ್ದ ಮುದುಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಯಾಹೋಲಾ ನೀರು ತಂದಿಟ್ಟು ಹೊರಗೆ ಹೋದ. ಬಹಳ ಹೊತ್ತಿನ ಮೇಲೆ ವರ್ಲಿನ್ ತಲೆ ಎತ್ತಿದ.

"ಕೊರಿನ್‌ದನ್ನೂ ನಾನೇ ಬಿಚ್ಚಿ ಒರೆಸಿ ಕೊಟ್ಟಿದ್ದೆ ತಾಯಿ. ನನ್ನ ಮಗಳದ್ದು ಅಂತ ಎರಡು ಸಲ ನೋಡ್ದೆ. ಒಂದೂ ಕೊರತೆ ಸಿಗ್ಲಿಲ್ಲ."

ಲೆನೋರಾ ಪೆನ್ನು ತೆಗೆದುಕೊಂಡು ಆ ಮಾತನ್ನು ಹಾಗೆಯೇ ಬರೆದುಕೊಂಡಳು. ವರ್ಲಿನ್ ಓದಿ ನೋಡಿ, ಕೆಳಗೆ ಸಹಿ ಹಾಕಿದ.