ಚಿಪ್ಪುಹಂದಿಯನ್ನು ಮುಟ್ಟದವನು

"ಅದನ್ನ ಮಾತ್ರ ನಾನು ಮುಟ್ಟಲ್ಲ!"

ವಾಸ್ವಾ ಥಟ್ಟನೆ ಹಿಂದೆ ಸರಿದ. ಮೇಜಿನ ಮೇಲಿದ್ದುದು ಹೊಟ್ಟೆಗೆ ಹುಲ್ಲು ತುಂಬಿ ನಿಲ್ಲಿಸಿದ ಹಳೆಯ ಚಿಪ್ಪುಹಂದಿ.

ಮಿರೆಂಬೆಯ ಎದೆ ಧಸಕ್ಕೆಂದಿತು.

ಕಂಪಾಲಾದ ಈ ಹಳೆಯ ಮ್ಯೂಸಿಯಂ ಗುಡ್ಡದಾಚೆಯ ಹೊಸ ಕಟ್ಟಡಕ್ಕೆ ಹೊರಟಿತ್ತು. ಪ್ರಾಣಿಗಳನ್ನು ಪೆಟ್ಟಿಗೆಗೆ ಸೇರಿಸುವ ಹೊಣೆ ಅವಳದು, ಪೆಟ್ಟಿಗೆ ಮಾಡುವ ಬಡಗಿ ಅವನು. ಆನೆಯ ತಲೆಬುರುಡೆ ಕಟ್ಟುವಾಗ ಜಗಳವಾಡಿ, ಮೊಸಳೆ ಕಟ್ಟುವಷ್ಟರಲ್ಲಿ ಮನಸ್ಸು ಕೊಟ್ಟುಕೊಂಡವರು. ನಾಳೆ ಅವನು ಅವಳ ಮನೆಗೆ ಹೆಣ್ಣು ಕೇಳಲು ಬರುವವನಿದ್ದ.

ಇಲ್ಲಿನ ಪ್ರತಿ ಕುಲಕ್ಕೂ ಒಂದು ಪ್ರಾಣಿಯೇ ಗುರುತು, ಅದನ್ನು ಆ ಕುಲದವರು ತಿನ್ನುವುದಿಲ್ಲ. ಮ್ಯೂಸಿಯಂನಲ್ಲಿ ಇನ್ನೂ ಒಂದು ರೂಢಿ. ತಮ್ಮ ಕುಲದ ಪ್ರಾಣಿಯನ್ನು ಯಾರೂ ಮುಟ್ಟುವುದಿಲ್ಲ, ಬೇರೆ ಕುಲದವರೇ ಎತ್ತಿಡಬೇಕು. ಮಿರೆಂಬೆ ಚಿಪ್ಪುಹಂದಿ ಕುಲದವಳು. ಅದಕ್ಕೇ ಅವನನ್ನು ಕರೆದಿದ್ದಳು.

ಅವನೂ ಮುಟ್ಟುವುದಿಲ್ಲ ಎಂದರೆ... ಅವನೂ ನಮ್ಮ ಕುಲದವನೇ? ಅಯ್ಯೋ ದೇವರೇ! ಒಂದೇ ಕುಲದವರು ಅಣ್ಣ-ತಂಗಿಯರಲ್ಲವೇ!

ವಾಸ್ವಾ ಎಂಬುದು ಅವಳಿಗಳಲ್ಲಿ ಮೊದಲು ಹುಟ್ಟಿದವನ ಹೆಸರು. ಹಲವು ಹೆಸರುಗಳು ಕುಲ ಹೇಳುತ್ತವೆ, ಇದು ಹೇಳುವುದಿಲ್ಲ. ಬಾಯಿಬಿಟ್ಟು ಕೇಳಬೇಕಿತ್ತು. ಪ್ರೀತಿಯ ಅಮಲಿನಲ್ಲಿ ಪೆದ್ದಿ ಕೇಳಿರಲೇ ಇಲ್ಲ!

"ನಾಳೆ ನಮ್ಮನೆಗೆ ಬರ್ಬೇಡ."

"ಯಾಕೆ? ಏನಾಯ್ತೇ?"

"ಇನ್ಮೇಲೆ ನನ್ನ ಮುಖಾನೂ ನೋಡ್ಬೇಡ... ಅಣ್ಣಾ!"

ಆ ಒಂದು ಮಾತು ಆಡುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು. ಹೊರಗೆ ಲಾರಿಯವನು ಹಾರನ್ ಒತ್ತಿದ್ದೇ ಒತ್ತಿದ್ದು.

"ಅಣ್ಣಾನಾ?" ವಾಸ್ವಾ ಬೆಚ್ಚಿಬಿದ್ದ. "ಲೇ, ನಾನು ಮಿಡತೆ ಕುಲದವನು ಕಣೇ! ಊರೋರೆಲ್ಲ ಮಿಡತೆ ಹುರ್ಕೊಂಡು ತಿನ್ನೋವಾಗ ನಾನೊಬ್ಬನೇ ಜೊಲ್ಲು ನುಂಗ್ತಾ ಕೂತಿರ್ತೀನಿ."

"ಸುಳ್ಳು! ಮತ್ತೆ ಇದನ್ನ ಯಾಕೆ ಮುಟ್ಟಲ್ಲ?"

ಅವನು ತಲೆ ಕೆರೆದುಕೊಂಡ. ಅಷ್ಟು ದೊಡ್ಡ ಆಳು ನಾಚಿಕೊಂಡುಬಿಟ್ಟ.

"ಅದು ಹೆಣ್ಣು. ಅದೂ ನಿಮ್ಮ ಕುಲದ್ದು. ಅಂದ್ಮೇಲೆ ನನಗೆ ಅತ್ತೆ ಆಗ್ಬೇಕು ತಾನೆ? ಅಳಿಯ ಅತ್ತೇನ ಮುಟ್ಟಿದ್ರೆ ಕೈ ನಡುಗೋ ಕಾಯಿಲೆ ಬರುತ್ತೆ ಅಂತ ನಿಂಗೂ ಗೊತ್ತು. ಬಡಗಿ ಕಣೇ ನಾನು... ಕೈ ನಡುಗಿದ್ರೆ ನಿನ್ನನ್ನ ಹೇಗೆ ಸಾಕಲಿ?"

ಮಿರೆಂಬೆ ಅಳುತ್ತಲೇ ನಕ್ಕಳು. ನಗುತ್ತಲೇ ಅವನ ತೋಳಿಗೆ ಗುದ್ದಿ, ಕೈ ಹಿಡಿದುಕೊಂಡಳು.

"ಹುಚ್ಚ! ನನ್ನ ಜೀವಾನೇ ಹೋಗಿತ್ತಲ್ಲೋ... ನಿನ್ನನ್ನ ಬಿಟ್ಟು ನನಗಿರೋಕೆ ಆಗಲ್ಲ."

"ಹಾಗಾದ್ರೆ ನಾಳೆ ಬರ್ಲಾ?"

"ಬಾ. ನಮ್ಮಮ್ಮನಿಂದ ದೂರ ನಿಂತ್ಕೋ."

"ಮಗಳಿಂದ?"

"ಮೊದಲು ಲಾರಿಯವನನ್ನ ಕರಿ. ಈ ಅತ್ತೇನ ಅವನೇ ಎತ್ತಲಿ," ಎಂದಳು ಮಿರೆಂಬೆ.

ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.