ಫ್ರೆಂಚ್ ಬೀದಿಯ ಅಮ್ಮ

ಬೆಳಿಗ್ಗೆ ಅಂಗಡಿ ತೆರೆದಾಗ ಮೇರಿಯಮ್ಮನ ಮೂರ್ತಿಯ ಪೀಠ ಖಾಲಿ. ಬೀಗ ಮುರಿದಿಲ್ಲ, ಗಾಜು ಒಡೆದಿಲ್ಲ. ದೋಹಾದ ಸೂಕ್ ವಾಕಿಫ್ ಮಾರುಕಟ್ಟೆಯ ಆ ಆಂಟಿಕ್ ಅಂಗಡಿಗೆ ಎರಡೇ ಕೀಲಿ. ಒಂದು ಮಾಲೀಕ ಮುದ್ದುಕೃಷ್ಣನದು, ಇನ್ನೊಂದು ಸೇಲ್ಸ್‌ಮನ್ ಸೈಮನ್‌ನದು. ಮುದ್ದುಕೃಷ್ಣ ದೂರು ಕೊಟ್ಟ, ಪೊಲೀಸರು ಸೈಮನ್‌ನನ್ನು ಹಿಡಿದೊಯ್ದರು.

ಅವನ ಹೆಂಡತಿ ಐವಿ, ದೋಹಾದ ಹತ್ತಿರದ ಅಲ್ ವಕ್ರಾದಲ್ಲಿ ನನ್ನ ಪಕ್ಕದ ಫ್ಲ್ಯಾಟಿನವಳು. ಅಳುತ್ತಾ ಬಂದಳು. ನನಗೆ ಮೈಯೆಲ್ಲ ಉರಿಯಿತು. ಹಿಂದಿನ ವರ್ಷ ಇದೇ ಮುದ್ದುಕೃಷ್ಣ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಅಕ್ಷಯ್‌ಗೂ ಕಳ್ಳನ ಪಟ್ಟ ಕಟ್ಟಿ ಊರಿಗೆ ಅಟ್ಟಿದ್ದ. ಬಿಟ್ಟುಬಿಡು ವಸಂತಿ ಎಂದು ಅಮ್ಮ ಹೇಳಿದ್ದಳು. ಬಿಡುವ ಜನ ಅಲ್ಲ ಮಾರಾಯ್ರೆ ನಾನು.

ಪುದುಚೇರಿಯ ಫ್ರೆಂಚ್ ಬೀದಿಯ ಹಳೇ ಬಂಗಲೆಯಿಂದ ತಂದ ಮರದ ಮೂರ್ತಿ ಅದು. ಐವಿಯ ಜೊತೆ ಹೋಗಿ ನೋಡಿದ್ದೆ. ಕೈಮುಗಿದು ನಿಂತ ಮೇರಿಯಮ್ಮನ ಪಾದದಡಿ ಹಾವು, ಹಾವಿನ ಬಾಲ ಮುರಿದಿತ್ತು.

*

ಮೊದಲು ಎದುರಂಗಡಿಯ ಚಿರಾಗ್ ಮೇಲೆ ಅನುಮಾನ. ಆ ಮೂರ್ತಿ ತನಗೆ ಬೇಕೆಂದು ಬೆನ್ನು ಬಿದ್ದಿದ್ದವ ಅವ. ಹೋಗಿ ಕೇಳಿದರೆ ಕಥೆಯೇ ಬೇರೆ. ಸೈಮನ್ ಅವನ ಅಂಗಡಿಗೆ ಸೇರುವವನಿದ್ದನಂತೆ. ಅದು ಗೊತ್ತಾಗಿ ಮುದ್ದುಕೃಷ್ಣ, "ಹೋಗು ನೋಡೋಣ, ಜೈಲಲ್ಲಿ ಕೊಳೆಸ್ತೀನಿ" ಅಂದಿದ್ದನಂತೆ.

ಕಾರಣ ಸಿಕ್ಕಿತು. ಮೂರ್ತಿ ಸಿಗಬೇಕಲ್ಲ.

*

ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಮುದ್ದುಕೃಷ್ಣನ ಹೆಂಡತಿ ಅರುಂಧತಿ ಪಾಪದವರು, ಮೈಸೂರಿನ ಕಡೆಯವರು. ಗುರುತಿನ ಹೆಂಗಸರನ್ನೆಲ್ಲ ಅರಿಶಿನ-ಕುಂಕುಮಕ್ಕೆ ಮುಐದರ್ ಬಡಾವಣೆಯ ತಮ್ಮ ಮನೆಗೆ ಕರೆದಿದ್ದರು. ನಾನು ಅಕ್ಷಯ್‌ನ ಅಕ್ಕ ಎಂದು ಅವರಿಗೆ ಗೊತ್ತಿರಲಿಲ್ಲ.

ಬೆಳ್ಳಿ ಮುಖವಾಡದ ಕಲಶ ಅದರ ಜಾಗದಲ್ಲಿತ್ತು. ಪಕ್ಕದಲ್ಲಿ ಹಸಿರು ರೇಷ್ಮೆ ಸೀರೆ ಉಡಿಸಿದ, ಮೊಣಕಾಲೆತ್ತರದ ಇನ್ನೊಂದು ಮೂರ್ತಿ. ಮುಖಕ್ಕೆ ದಪ್ಪ ಅರಿಶಿನ. ಈ ವಾರ ಯಜಮಾನ್ರು ತಂದ ಲಕ್ಷ್ಮಿ ಎಂದು ಅರುಂಧತಿ ಹೆಮ್ಮೆಪಟ್ಟರು.

ಲಕ್ಷ್ಮಿ ಕೈಮುಗಿದು ನಿಲ್ಲುವುದುಂಟೇ? ನಮಸ್ಕಾರಕ್ಕೆ ಬಗ್ಗಿ ನೆರಿಗೆ ಸರಿಸಿದೆ. ಹಾವು. ಮುರಿದ ಬಾಲ.

ಕುಂಕುಮ ತಗೊಂಡೆ. ಕೋಸಂಬರಿಯನ್ನೂ ತಿಂದೆ. ಆಮೇಲೆ ಹೊರಗೆ ಬಂದು ಪೊಲೀಸರಿಗೆ ಫೋನ್ ಮಾಡಿದೆ.

*

ಪೊಲೀಸರೆದುರು ಮುದ್ದುಕೃಷ್ಣ ಅದು ತಮ್ಮ ಮನೆ ಲಕ್ಷ್ಮಿ ಎಂದೇ ಸಾಧಿಸಿದ. ನಾನು ಸೀರೆ ಬಿಚ್ಚಿದೆ. ಗುರುತು ಹೇಳಲು ಕರೆಸಿದ್ದ ಚಿರಾಗ್ ಅದೇ ಹೌದೆಂದು ತಲೆಯಾಡಿಸಿದ.

"ನಿಮ್ಮ ಕೀಲಿಯಲ್ಲಿ ತೆಗೆದು ನೀವೇ ತಂದಿರಿ. ಸೈಮನ್ ಮೇಲೆ ದೂರು ಕೊಟ್ಟಿರಿ," ಅಂದೆ. "ಗೋಣಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟಿದ್ದರೆ ನನಗೆ ಸಿಗ್ತಾನೇ ಇರಲಿಲ್ಲ. ಯಾಕೆ ಇಡಲಿಲ್ಲ?"

ಅವನ ಸ್ವರ ಇಳಿಯಿತು. "ಅಮ್ಮ ಅಲ್ವಾ? ದೀಪ ಹಚ್ಚದೆ ಕತ್ತಲಲ್ಲಿ ಹೇಗೆ ಇಡೋದು?"

"ಸೈಮನ್‌ನನ್ನು ಕತ್ತಲಲ್ಲಿ ಇಟ್ಟಿರಲ್ಲ."

ಅರುಂಧತಿ ಗಂಡನನ್ನೇ ನೋಡುತ್ತಿದ್ದರು. ನನಗೆ ಅಷ್ಟು ಸಾಲದು. ಹೋದ ವರ್ಷ ಅಕ್ಷಯ್ ಮೇಲೆ ಹಾಕಿದ್ದೂ ಸುಳ್ಳೇ ಎಂದು ಹೆಂಡತಿಯೆದುರೇ ಹೇಳಿ ಅಂದೆ. ಹೆಂಡತಿಯಿಂದ ಮುಖ ತಿರುಗಿಸಿದ. ಆಮೇಲೆ ಹೇಳಿದ, "ಆ ಹುಡುಗ ಏನೂ ಕದ್ದಿರಲಿಲ್ಲ."

ಪೊಲೀಸರು ಬಂದಾಗಲೇ ಮಾಡಿದ್ದ ಕರೆ ನನ್ನ ಕೈಯ ಫೋನಿನಲ್ಲಿ ಇನ್ನೂ ನಡೆಯುತ್ತಿತ್ತು. ಆ ಕಡೆ ಊರಿನಲ್ಲಿ ಅಕ್ಷಯ್ ಕೇಳುತ್ತಿದ್ದ. ಅವ ಬಿಕ್ಕುವುದು ಕೇಳಿಸಿತು. ನನ್ನ ಹೊಟ್ಟೆ ತಣ್ಣಗಾಯಿತು.